ಹೋಮ್ ಥಿಯೇಟರ್ ಪ್ರೊಸೆಸರಿಗೆ ಸೋರ್ಸ್ ಜೋಡಿಸುವಾಗ: ಪೋರ್ಟ್ ಬೇರೆ, ಇನ್‌ಪುಟ್ ಬೇರೆ

ಎಲ್ಲ ಸಾಧನಗಳ ಚಿತ್ರ, ಧ್ವನಿಯನ್ನು ಒಳತೆಗೆದುಕೊಂಡು ಟಿವಿಗೂ ಸ್ಪೀಕರಿಗೂ ಹಂಚುವ ಡಬ್ಬಿಯೇ ರಿಸೀವರ್ ಅಥವಾ ಪ್ರೊಸೆಸರ್. ಅದರ ಬೆನ್ನಿನ ಮೇಲೆ ‘ಎಚ್‌ಡಿಎಂಐ 1’ ಎಂದು ಅಚ್ಚು ಹಾಕಿರುವುದು ಒಂದು ಪೋರ್ಟಿನ ಹೆಸರು. ರಿಮೋಟಿನಲ್ಲಿ ‘ಕೇಬಲ್/ಸ್ಯಾಟ್’ ಎಂದು ಒತ್ತುವುದು ಒಂದು ಇನ್‌ಪುಟ್ಟಿನ ಹೆಸರು. ಇವೆರಡೂ ಒಂದೇ ಎಂದುಕೊಂಡಲ್ಲಿಂದಲೇ ಅರ್ಧಕ್ಕರ್ಧ ತೊಂದರೆಗಳು ಶುರುವಾಗುತ್ತವೆ. ಪೋರ್ಟು ಎಂದರೆ ವೈರು ಚುಚ್ಚುವ ಜಾಗ, ಅಷ್ಟೇ. ಇನ್‌ಪುಟ್ಟು ಒಂದು ಕಡತದ ಹಾಗೆ: ಚಿತ್ರ ಯಾವ ಪೋರ್ಟಿನಿಂದ ಬರಬೇಕು, ಧ್ವನಿ ಯಾವ ಪೋರ್ಟಿನಿಂದ ಬರಬೇಕು, ಲೆವೆಲ್ ಎಷ್ಟು, ಡಿಲೇ ಎಷ್ಟು, ಯಾವ ಸೌಂಡ್ ಮೋಡಿನಲ್ಲಿ ನುಡಿಯಬೇಕು ಎಂಬುದೆಲ್ಲ ಅದರೊಳಗೆ ಇರುತ್ತದೆ. ಸೆಟ್ ಟಾಪ್ ಬಾಕ್ಸಿನ ವೈರನ್ನು ‘ಎಚ್‌ಡಿಎಂಐ 3’ಕ್ಕೆ ಚುಚ್ಚಿ ‘ಕೇಬಲ್/ಸ್ಯಾಟ್’ ಒತ್ತಿದರೆ ಪರದೆ ಕಪ್ಪಗೇ ಉಳಿಯಬಹುದು. ಕಾರ್ಖಾನೆಯಿಂದ ಬಂದಾಗ ಆ ಹೆಸರಿಗೆ ಬೇರೆ ಪೋರ್ಟನ್ನು ಕಟ್ಟಿರುತ್ತಾರೆ. ಡಬ್ಬಿ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಮುಂಚೆ ‘ಇನ್‌ಪುಟ್ ಅಸೈನ್’ ಎಂಬ ಮೆನು ತೆರೆದು ನೋಡಿ.

ಮೈಸೂರಿನ ಕುವೆಂಪುನಗರದ ಮನೆಯಾಗಲಿ, ಮಂಡ್ಯದ ಅಶೋಕನಗರದ ಮನೆಯಾಗಲಿ, ಹಾಲಿನಲ್ಲಿ ಇರುವ ಸೋರ್ಸುಗಳು ಸುಮಾರಾಗಿ ಇವೇ: ಡಿಟಿಎಚ್ ಅಥವಾ ಕೇಬಲ್ ಬಾಕ್ಸು, ಒಂದು ಸ್ಟ್ರೀಮಿಂಗ್ ಸ್ಟಿಕ್ಕು, ಟಿವಿಯೊಳಗಿನ ಆ್ಯಪ್‌ಗಳು, ಬ್ಲೂ-ರೇ ಅಥವಾ ಗೇಮ್ ಕನ್ಸೋಲು, ಹಳೆಯ ಸಿಡಿ ಪ್ಲೇಯರು, ಕೆಲವರಲ್ಲಿ ರೆಕಾರ್ಡ್ ಪ್ಲೇಯರು, ಎಫ್‌ಎಂ ರೇಡಿಯೊ. ವೈರು ಮುಟ್ಟುವುದಕ್ಕೆ ಮುಂಚೆ ಒಂದು ಹಾಳೆಯಲ್ಲಿ ನಾಲ್ಕು ಕಾಲಮ್ ಗೀಚಿಕೊಳ್ಳಿ. ಸೋರ್ಸ್ ಯಾವುದು, ಚಿತ್ರದ ಪೋರ್ಟು ಯಾವುದು, ಧ್ವನಿಯ ಪೋರ್ಟು ಯಾವುದು, ಅದಕ್ಕೆ ಕೊಡುವ ಹೆಸರೇನು. ಹತ್ತು ನಿಮಿಷದ ಕೆಲಸ. ಆಮೇಲೆ ಟಿವಿ ಸ್ಟ್ಯಾಂಡಿನ ಹಿಂದೆ ಟಾರ್ಚು ಹಿಡಿದು ಬಗ್ಗಿ ನೋಡುವುದು ತಪ್ಪುತ್ತದೆ.

ಜೋಡಿಸುವಾಗ ಎಲ್ಲ ಸಾಧನಗಳ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿರಬೇಕು. ಎರಡು ಪಿನ್ನಿನ ಅಡಾಪ್ಟರುಗಳಲ್ಲಿ ಓಡುವ ಸಾಧನಗಳ ಲೋಹದ ಮೈ ಮೇಲೆ ಸಣ್ಣ ಸೋರಿಕೆ ವೋಲ್ಟೇಜು ಸದಾ ಇರುತ್ತದೆ. ಡಿಶ್ ವೈರು ಹಾಕಿರುವ ಬಾಕ್ಸಿನ ಅಂಚು ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವುದು ಅದರಿಂದಲೇ. ಅದೇ ವೋಲ್ಟೇಜು ಚಾಲೂ ಇರುವ ಪ್ರೊಸೆಸರಿನ ಎಚ್‌ಡಿಎಂಐ ಚಿಪ್ಪಿನ ಮೂಲಕ ಹರಿದರೆ ಆ ಪೋರ್ಟು ಸಾಯಬಹುದು. ಎಚ್‌ಡಿಎಂಐ, ಆಪ್ಟಿಕಲ್, ಆರ್‌ಸಿಎ ವೈರುಗಳೆಲ್ಲ ಮೊದಲು, ಡಿಶ್ ವೈರು ಆಮೇಲೆ, ಕರೆಂಟು ಕಟ್ಟಕಡೆಗೆ.

ವೈರಿನ ವಿಷಯ ಬೇಗ ಮುಗಿಸಬಹುದು. ಸ್ಟ್ಯಾಂಡಿನೊಳಗಿನ ಜೋಡಣೆಗೆ 1ರಿಂದ 2 ಮೀಟರ್ ಸಾಕು. 4ಕೆ ಎಚ್‌ಡಿಆರ್ (ಬೆಳಕು-ನೆರಳಿನ ಹರವು ಹೆಚ್ಚಿರುವ ಚಿತ್ರ) ಸಾಗಿಸಲು ‘ಪ್ರೀಮಿಯಂ ಹೈ ಸ್ಪೀಡ್’ ಚೀಟಿ ಇರುವ, 18 ಗಿಗಾಬಿಟ್ ವೇಗದ ವೈರು ಬೇಕು. 8ಕೆ, ಅಥವಾ 120 ಹರ್ಟ್ಸ್ ಗೇಮಿಂಗ್ ಆದರೆ 48 ಗಿಗಾಬಿಟ್‌ನ ‘ಅಲ್ಟ್ರಾ ಹೈ ಸ್ಪೀಡ್’. ಟಿವಿಗೆ ಅಥವಾ ಪ್ರೊಜೆಕ್ಟರಿಗೆ 5 ಮೀಟರ್ ದಾಟಿದರೆ ತಾಮ್ರದ ಸಾದಾ ವೈರನ್ನು ನಂಬಬೇಡಿ, ಆಪ್ಟಿಕಲ್ ಎಚ್‌ಡಿಎಂಐ ತೆಗೆದುಕೊಳ್ಳಿ. ಆದರೆ ಅದಕ್ಕೆ ದಿಕ್ಕು ಉಂಟು. ‘ಸೋರ್ಸ್’ ಎಂದು ಬರೆದ ತುದಿ ಪ್ರೊಸೆಸರಿನ ಕಡೆ, ‘ಡಿಸ್‌ಪ್ಲೇ’ ಎಂದು ಬರೆದ ತುದಿ ಟಿವಿಯ ಕಡೆ. ಉಲ್ಟಾ ಹಾಕಿದರೆ ಏನೂ ಬರುವುದಿಲ್ಲ. ಗೋಡೆಯೊಳಗೆ ಹೂತ ಮುಕ್ಕಾಲು ಇಂಚಿನ ಕರೆಂಟ್ ಪೈಪಿನಲ್ಲಿ ಎಚ್‌ಡಿಎಂಐ ತಲೆ ತೂರುವುದಿಲ್ಲ. ಹಳೆಯ ಮನೆಗಳಲ್ಲಿ ಗೋಡೆ ಒಡೆಯುವ ಬದಲು ಅಗಲವಾದ ಕೇಸಿಂಗ್ ಪಟ್ಟಿ ಹೊಡೆಸುವುದು ಮೇಲು. ಮುಂದೆ ವೈರು ಬದಲಿಸಬೇಕಾದರೆ ಮುಚ್ಚಳ ತೆಗೆದರಾಯಿತು.

ಸೆಟ್ ಟಾಪ್ ಬಾಕ್ಸಿನಿಂದ ಶುರು ಮಾಡಿ. ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಹೊತ್ತು ಓಡುವುದು ಅದೇ, ಹಿರಿಯರ ಕೈಗೆ ಸಿಗುವುದೂ ಅದರ ರಿಮೋಟೇ. ‘ಇನ್‌ಪುಟ್ ಅಸೈನ್’ನಲ್ಲಿ ‘ಕೇಬಲ್/ಸ್ಯಾಟ್’ ಸಾಲಿಗೆ ನೀವು ಚುಚ್ಚಿದ ಎಚ್‌ಡಿಎಂಐ ಸಂಖ್ಯೆಯನ್ನು ಕೊಡಿ. ಅದೇ ಸಾಲಿನಲ್ಲಿ ‘ಡಿಜಿಟಲ್’, ‘ಅನಲಾಗ್’ ಎಂಬ ಖಾನೆಗಳೂ ಇರುತ್ತವೆ. ಅಲ್ಲಿ ಮೊದಲೇ ಕೂತಿರುವ ‘ಆಪ್ಟಿಕಲ್ 1’ ಮುಂತಾದವನ್ನು ತೆಗೆದು ಖಾಲಿ ಗೆರೆಗೆ ತನ್ನಿ. ಬಹಳಷ್ಟು ಯಂತ್ರಗಳು ‘ಆಟೋ’ ಸ್ಥಿತಿಯಲ್ಲಿ ಮೊದಲು ಎಚ್‌ಡಿಎಂಐ ಹುಡುಕುತ್ತವೆ, ಅದು ಸಿಗದಿದ್ದರೆ ಡಿಜಿಟಲ್, ಅದೂ ಇಲ್ಲದಿದ್ದರೆ ಅನಲಾಗ್. ಬೇಡದ ಖಾನೆ ತುಂಬಿದ್ದರೆ ಬಾಕ್ಸು ಕ್ಷಣಕಾಲ ಸುಮ್ಮನಾದಾಗ ಯಂತ್ರ ಬೇರೆ ಪೋರ್ಟಿಗೆ ಜಿಗಿದು ಇನ್ಯಾವುದೋ ಸಾಧನದ ಧ್ವನಿ ಹೊರಡಿಸುತ್ತದೆ.

ಬಾಕ್ಸಿನ ಒಳಗೂ ಮೂರು ಕೆಲಸ ಇದೆ. ಚಿತ್ರವನ್ನು 1080ಐಗೆ ಇಡಿ. ನಮ್ಮ ಎಚ್‌ಡಿ ಚಾನೆಲ್‌ಗಳು ಬರುವುದು ಅದರಲ್ಲೇ, 50 ಹರ್ಟ್ಸ್‌ನಲ್ಲಿ. ಅದನ್ನು ಪೂರ್ಣ ಚಿತ್ರವಾಗಿ ಹೊಲಿಯುವ ಕೆಲಸವನ್ನು ಟಿವಿ ಬಾಕ್ಸಿಗಿಂತ ಅಚ್ಚುಕಟ್ಟಾಗಿ ಮಾಡುತ್ತದೆ. ಆಡಿಯೊ ಫಾರ್ಮ್ಯಾಟ್ ‘ಡಾಲ್ಬಿ’ ಅಥವಾ ‘ಆಟೋ’ ಇರಲಿ. ಚಾನೆಲ್ ಬದಲಿಸಿದಾಗ, ಜಾಹೀರಾತು ಬಂದಾಗ ಅರ್ಧ ಸೆಕೆಂಡ್ ಧ್ವನಿ ಕಡಿಯುತ್ತಿದ್ದರೆ ಸ್ಟೀರಿಯೊದಿಂದ ಡಾಲ್ಬಿಗೆ ಹೋಗಿ ಬರುವಾಗ ಪ್ರೊಸೆಸರು ಮತ್ತೆ ಸಿಗ್ನಲ್ ಹಿಡಿಯುತ್ತಿದೆ ಎಂದರ್ಥ. ಅದು ಸಹಿಸಲಾಗದಷ್ಟಾದರೆ ‘ಪಿಸಿಎಂ’ಗೆ, ಅಂದರೆ ಕುಗ್ಗಿಸದ ಸಾದಾ ಡಿಜಿಟಲ್ ಧ್ವನಿಗೆ, ಹಾಕಿಬಿಡಿ. ವಾರ್ತೆ, ಧಾರಾವಾಹಿಗಳಿಗೆ ಅದರಿಂದ ಯಾವ ನಷ್ಟವೂ ಇಲ್ಲ. ಮೂರನೆಯದು ಬಾಕ್ಸಿನ ಸ್ವಂತ ವಾಲ್ಯೂಮು: ಅದನ್ನು ಪೂರ್ತಿ ಏರಿಸಿ ಅಲ್ಲೇ ಬಿಡಿ. ಪಿಸಿಎಂ ಹೊರಡಿಸುವಾಗ ಬಾಕ್ಸಿನ ವಾಲ್ಯೂಮು ಇಳಿಸಿದರೆ ಸಿಗ್ನಲ್ಲೇ ಸಣ್ಣದಾಗುತ್ತದೆ. ಆಗ ಪ್ರೊಸೆಸರನ್ನು ವಿಪರೀತ ಏರಿಸಬೇಕು. ಆಮೇಲೆ ಯಾರೋ ಸಿಡಿ ಇನ್‌ಪುಟ್ಟಿಗೆ ಬದಲಿಸಿದ ಕ್ಷಣ ಮನೆಯೇ ಬೆಚ್ಚಿಬೀಳುತ್ತದೆ.

ಸ್ಟ್ರೀಮಿಂಗ್ ಸ್ಟಿಕ್ಕನ್ನು ಟಿವಿಗೆ ಹಾಕದೆ ನೇರ ಪ್ರೊಸೆಸರಿಗೇ ಚುಚ್ಚಿ. ಪೊಟ್ಟಣದಲ್ಲಿ ಬರುವ ಗೇಣುದ್ದದ ಎಕ್ಸ್‌ಟೆಂಡರ್ ವೈರನ್ನು ಬಳಸಿ, ಇಲ್ಲದಿದ್ದರೆ ಪ್ರೊಸೆಸರಿನ ಬೆನ್ನಿನ ಬಿಸಿ ಸ್ಟಿಕ್ಕಿಗೆ ತಾಗುತ್ತದೆ. ಕರೆಂಟಿಗೆ ಅದರದ್ದೇ ಅಡಾಪ್ಟರ್ ಇರಲಿ. ಟಿವಿಯ ಯುಎಸ್‌ಬಿ ಪೋರ್ಟು ಸಾಮಾನ್ಯವಾಗಿ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ. ಅಷ್ಟರಲ್ಲಿ ಸ್ಟಿಕ್ಕು ನಡುನಡುವೆ ತಾನೇ ರೀಸ್ಟಾರ್ಟ್ ಆಗುತ್ತದೆ, ಜನ ಎಚ್‌ಡಿಎಂಐ ವೈರನ್ನು ಬೈಯುತ್ತಾರೆ. ಫೈರ್ ಟಿವಿ ಸ್ಟಿಕ್ಕಿನ ಸೆಟ್ಟಿಂಗಿನಲ್ಲಿ ಸರೌಂಡ್ ಸೌಂಡ್ ‘ಬೆಸ್ಟ್ ಅವೈಲಬಲ್’ ಇರಲಿ. ಆಟ್ಮಾಸ್, ಅಂದರೆ ತಲೆಯ ಮೇಲಿನಿಂದಲೂ ಬರುವ ಧ್ವನಿ, ಇರುವ ಸಿನಿಮಾ ಹಾಕಿ ಪ್ರೊಸೆಸರಿನ ಮುಖಪಟ್ಟಿ ಓದಿ. ‘ಡಾಲ್ಬಿ ಆಟ್ಮಾಸ್’ ಎಂದು ಬಂದರೆ ಕೆಲಸ ಮುಗಿಯಿತು. ‘ಪಿಸಿಎಂ’ ಅಥವಾ ‘ಸ್ಟೀರಿಯೊ’ ಎಂದು ಬಂದರೆ ಆ ಆ್ಯಪ್‌ನ ಚಂದಾ ಯೋಜನೆಯಲ್ಲಿ ಆಟ್ಮಾಸ್ ಇದೆಯೇ ಎಂದೂ ನೋಡಬೇಕು. ಎಲ್ಲ ಯೋಜನೆಗಳಲ್ಲೂ ಇರುವುದಿಲ್ಲ.

4ಕೆ ಚಿತ್ರ ಬಂದರೂ ಎಚ್‌ಡಿಆರ್ ಬರುತ್ತಿಲ್ಲ ಎಂಬ ದೂರಿಗೆ ಕಾರಣ ಎರಡು ಕಡೆ ಇರುತ್ತದೆ. ಪ್ರೊಸೆಸರಿನಲ್ಲಿ ‘4ಕೆ ಸಿಗ್ನಲ್ ಫಾರ್ಮ್ಯಾಟ್’ ಎಂಬಂಥ ಮೆನು ‘ಸ್ಟ್ಯಾಂಡರ್ಡ್’ನಲ್ಲಿದ್ದರೆ ಅದನ್ನು ‘ಎನ್‌ಹಾನ್ಸ್ಡ್’ಗೆ ತರಬೇಕು. ಟಿವಿಯಲ್ಲೂ ಪ್ರೊಸೆಸರು ಕೂತಿರುವ ಪೋರ್ಟಿಗೆ ಅದನ್ನೇ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಫಲವಿಲ್ಲ. ಆದರೆ ಹಳೆಯ ಸೆಟ್ ಟಾಪ್ ಬಾಕ್ಸುಗಳಲ್ಲಿ ಕೆಲವು ‘ಎನ್‌ಹಾನ್ಸ್ಡ್’ ಪೋರ್ಟನ್ನು ಕಂಡು ಗಲಿಬಿಲಿಗೊಂಡು ಚಿತ್ರವನ್ನೇ ಕೊಡುವುದಿಲ್ಲ. ಪೋರ್ಟಿಗೊಂದರಂತೆ ಈ ಆಯ್ಕೆ ಕೊಡುವ ಯಂತ್ರವಾದರೆ ಬಾಕ್ಸಿನ ಪೋರ್ಟನ್ನು ಮಾತ್ರ ‘ಸ್ಟ್ಯಾಂಡರ್ಡ್’ನಲ್ಲೇ ಬಿಡಿ.

ಇನ್ನು ತುಂಬ ಜನರ ತಲೆ ತಿನ್ನುವ ಒಂದು ದೋಷ. ನಿನ್ನೆ ರಾತ್ರಿ 5.1ರಲ್ಲಿ ನುಡಿದ ಸ್ಟಿಕ್ಕು ಇವತ್ತು ಬರೀ ಸ್ಟೀರಿಯೊ ಕೊಡುತ್ತದೆ, ಯಾರೂ ಏನನ್ನೂ ಮುಟ್ಟಿಲ್ಲ. ಇದರ ಒಳಗುಟ್ಟು ಇಡಿಐಡಿ ಎಂಬ ಸಣ್ಣ ಪಟ್ಟಿಯಲ್ಲಿದೆ. ಸೋರ್ಸು ಎಚ್ಚರವಾದಾಗ ಎಚ್‌ಡಿಎಂಐ ತುದಿಯಲ್ಲಿರುವ ಸಾಧನವನ್ನು ‘ನಿನಗೆ ಯಾವ ಯಾವ ಚಿತ್ರ, ಯಾವ ಯಾವ ಧ್ವನಿ ಅರ್ಥವಾಗುತ್ತದೆ’ ಎಂದು ಕೇಳುತ್ತದೆ. ಪ್ರೊಸೆಸರು ಚಾಲೂ ಇದ್ದಾಗ ಟಿವಿಯ ಚಿತ್ರದ ಪಟ್ಟಿಗೆ ತನ್ನ ಧ್ವನಿಯ ಪಟ್ಟಿ ಸೇರಿಸಿ ಉತ್ತರ ಕೊಡುತ್ತದೆ. ಪ್ರೊಸೆಸರು ಸ್ಟ್ಯಾಂಡ್‌ಬೈನಲ್ಲಿದ್ದು ‘ಪಾಸ್ ಥ್ರೂ’ (ಮಲಗಿದ್ದರೂ ಸಿಗ್ನಲನ್ನು ಟಿವಿಗೆ ದಾಟಿಸುವ ಸೌಲಭ್ಯ) ಆನ್ ಆಗಿದ್ದರೆ ಉತ್ತರ ಕೊಡುವುದು ಟಿವಿ ಒಂದೇ, ಮತ್ತು ಬಹಳ ಟಿವಿಗಳು ಹೇಳುವುದು ‘ಎರಡು ಚಾನೆಲ್ ಪಿಸಿಎಂ’ ಎಂದು. ಬೆಳಗ್ಗೆ ಟಿವಿಯ ಸ್ಪೀಕರಿನಲ್ಲೇ ಏನೋ ನೋಡಿ, ರಾತ್ರಿ ಪ್ರೊಸೆಸರು ಹಾಕಿದಾಗ ಸ್ಟಿಕ್ಕು ಬೆಳಗಿನ ಉತ್ತರವನ್ನೇ ಹಿಡಿದು ಕೂತಿರುತ್ತದೆ. ಮದ್ದು ಸರಳ: ಟಿವಿ ಮೊದಲು, ಪ್ರೊಸೆಸರು ಆಮೇಲೆ, ಎರಡೂ ಪೂರ್ತಿ ಎದ್ದ ಮೇಲೆ ಸೋರ್ಸು. ಆಗಲೇ ಓಡುತ್ತಿದ್ದರೆ ಸೋರ್ಸನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.

ಹಾಗೆಂದು ಪಾಸ್ ಥ್ರೂ ಬೇಡ ಎನ್ನಲಾರೆ. ಬೆಳಗಿನ ವಾರ್ತೆ ಕೇಳಲು ಮನೆಯ ಹಿರಿಯರು ಏಳು ಸ್ಪೀಕರು ಎಬ್ಬಿಸಬೇಕಾಗಿಲ್ಲ. ‘ಎಚ್‌ಡಿಎಂಐ ಪಾಸ್ ಥ್ರೂ’ ಆನ್ ಮಾಡಿ, ಸೋರ್ಸನ್ನು ‘ಲಾಸ್ಟ್’ ಎನ್ನದೆ ‘ಕೇಬಲ್/ಸ್ಯಾಟ್’ ಎಂದೇ ಕಟ್ಟಿಹಾಕಿ. ಆಗ ರಾತ್ರಿ ಯಾರು ಏನು ನೋಡಿ ಮಲಗಿದ್ದರೂ ಬೆಳಗ್ಗೆ ಟಿವಿ ಹಾಕಿದ ಕೂಡಲೇ ಚಂದನ ಬರುತ್ತದೆ. ಸ್ಟ್ಯಾಂಡ್‌ಬೈನಲ್ಲಿ ಕರೆಂಟು ತುಸು ಹೆಚ್ಚು ಸುಡುತ್ತದೆ, ಅಷ್ಟು ಬೆಲೆ ತೆರಬಹುದು.

ಟಿವಿಯೊಳಗಿನ ಆ್ಯಪ್‌ಗಳ ಧ್ವನಿ ಪ್ರೊಸೆಸರಿಗೆ ಬರುವುದು ಹಿಮ್ಮುಖ ದಾರಿಯಲ್ಲಿ, ಆರ್ಕ್ ಅಥವಾ ಇ-ಆರ್ಕ್ ಮೂಲಕ. ಟಿವಿಯಲ್ಲಿ ‘ಆರ್ಕ್’ ಎಂದು ಬರೆದಿರುವ ಪೋರ್ಟು ಒಂದೇ ಇರುತ್ತದೆ. ಅದರಿಂದ ಪ್ರೊಸೆಸರಿನ ‘ಎಚ್‌ಡಿಎಂಐ ಔಟ್, ಮಾನಿಟರ್ 1’ಕ್ಕೆ ವೈರು ಹೋಗಬೇಕು. ಪ್ರೊಸೆಸರಿನ ಇನ್‌ಪುಟ್ ಪೋರ್ಟಿಗೆ ಹಾಕಿದರೆ ಆರ್ಕ್ ಬರುವುದಿಲ್ಲ. ಎರಡೂ ಕಡೆ ಎಚ್‌ಡಿಎಂಐ ಕಂಟ್ರೋಲು, ಅಂದರೆ ಸಿಇಸಿ, ಆನ್ ಇರಲಿ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಟಿವಿಯ ಡಿಜಿಟಲ್ ಔಟ್‌ಪುಟ್ಟನ್ನು ‘ಪಾಸ್ ಥ್ರೂ’ ಅಥವಾ ‘ಆಟೋ’ ಮಾಡಿ. ‘ಪಿಸಿಎಂ’ ಇದ್ದರೆ ಎರಡೇ ಚಾನೆಲ್ ಬರುತ್ತವೆ. ಸಾದಾ ಆರ್ಕಿಗೆ ದಾರಿ ಕಿರಿದು, ಡಾಲ್ಬಿ ಡಿಜಿಟಲ್ ಪ್ಲಸ್ ತನಕ ಹೊರುತ್ತದೆ. ಸ್ಟ್ರೀಮಿಂಗಿನ ಆಟ್ಮಾಸ್ ಅದರೊಳಗೇ ಅಡಗಿ ಬರುವುದರಿಂದ ಆ್ಯಪ್‌ಗಳಿಗೆ ಇಷ್ಟು ಸಾಕು. ಟಿವಿಗೆ ಜೋಡಿಸಿದ ಬ್ಲೂ-ರೇಯ ಟ್ರೂಎಚ್‌ಡಿ (ಗುಣ ಕಳೆಯದ ಡಾಲ್ಬಿ ಧ್ವನಿ), ಬಹುಚಾನೆಲ್ ಪಿಸಿಎಂ ಬೇಕೆಂದರೆ 37 ಮೆಗಾಬಿಟ್ ತನಕ ಹೊರುವ ಇ-ಆರ್ಕೇ ಆಗಬೇಕು. ಇನ್ನೊಂದು ಕಡೆ ಎಡವುತ್ತಾರೆ: ಆರ್ಕಿನ ಧ್ವನಿ ಬರುವುದು ‘ಟಿವಿ ಆಡಿಯೊ’ ಎಂಬ ಇನ್‌ಪುಟ್ಟಿನಲ್ಲಿ. ಆ ಹೆಸರಿಗೆ ‘ಆಪ್ಟಿಕಲ್’ ಕಟ್ಟಿದ್ದರೆ ಕೆಲವು ಯಂತ್ರಗಳು ಆರ್ಕನ್ನು ಬಿಟ್ಟು ಆಪ್ಟಿಕಲ್ಲಿಗೆ ಕಿವಿ ಕೊಟ್ಟು ಕೂರುತ್ತವೆ.

ಆರ್ಕ್ ಇಲ್ಲದ ಹಳೆಯ ಟಿವಿಯಾದರೆ ಆಪ್ಟಿಕಲ್ ವೈರು ಸಾಕು. ಡಾಲ್ಬಿ ಡಿಜಿಟಲ್ 5.1, ಡಿಟಿಎಸ್ 5.1, ಸ್ಟೀರಿಯೊ ಪಿಸಿಎಂ ಇಷ್ಟು ಅದರಲ್ಲಿ ಬರುತ್ತವೆ. ಡಾಲ್ಬಿ ಡಿಜಿಟಲ್ ಪ್ಲಸ್ ಬರುವುದಿಲ್ಲ. ತುದಿಯ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆಯದೆ ಚುಚ್ಚುವವರು ಈಗಲೂ ಇದ್ದಾರೆ, ಅದನ್ನೊಮ್ಮೆ ನೋಡಿಕೊಳ್ಳಿ.

ಬ್ಲೂ-ರೇ ಪ್ಲೇಯರಿನಲ್ಲಿ ಎರಡೇ ಸೆಟ್ಟಿಂಗು. ಡಿಜಿಟಲ್ ಔಟ್ ‘ಬಿಟ್‌ಸ್ಟ್ರೀಮ್’ (ಧ್ವನಿಯನ್ನು ಬಿಚ್ಚದೆ ಹಾಗೇ ಕಳಿಸುವುದು), ಮತ್ತು ‘ಸೆಕೆಂಡರಿ ಆಡಿಯೊ’ ಅಥವಾ ‘ಬಿಡಿ ಆಡಿಯೊ ಮಿಕ್ಸ್’ ಆಫ್. ಎರಡನೆಯದನ್ನು ಮರೆತರೆ ಮೆನುವಿನ ಟಿಕ್ ಟಿಕ್ ಶಬ್ದ ಬೆರೆಸುವುದಕ್ಕಾಗಿ ಪ್ಲೇಯರು ಟ್ರೂಎಚ್‌ಡಿಯನ್ನು ಬಿಚ್ಚಿ, ಸಾಮಾನ್ಯ ಡಾಲ್ಬಿ ಡಿಜಿಟಲ್ಲಾಗಿ ಮತ್ತೆ ಕಟ್ಟಿ ಕಳಿಸುತ್ತದೆ.

ಸಿಡಿ ಪ್ಲೇಯರಿಗೆ ಕೋಆಕ್ಸಿಯಲ್ ಔಟ್ ಇದ್ದರೆ 75 ಓಮಿನ ಒಂದೇ ವೈರು ಎಳೆದು, ‘ಸಿಡಿ’ ಸಾಲಿನ ಡಿಜಿಟಲ್ ಖಾನೆಗೆ ಆ ಕೋಆಕ್ಸಿಯಲ್ ಸಂಖ್ಯೆ ಕೊಡಿ. ಪ್ರೊಸೆಸರಿನಲ್ಲಿ ಕೊಠಡಿ ತಿದ್ದುಪಡಿ (ಕೋಣೆಗೆ ತಕ್ಕಂತೆ ಧ್ವನಿ ಹೊಂದಿಸುವ ಸೌಲಭ್ಯ) ಬಳಸುವವರಿಗೆ ಇದೇ ಒಳ್ಳೆಯದು. ಅನಲಾಗಿನಲ್ಲಿ ತಂದರೆ ಪ್ಲೇಯರಿನಲ್ಲಿ ಒಮ್ಮೆ ಅನಲಾಗ್ ಆಗಿ, ಪ್ರೊಸೆಸರಿನಲ್ಲಿ ಮತ್ತೆ ಡಿಜಿಟಲ್ ಆಗಿ, ಕಡೆಗೆ ಇನ್ನೊಮ್ಮೆ ಅನಲಾಗ್ ಆಗಬೇಕಾಗುತ್ತದೆ.

ರೆಕಾರ್ಡ್ ಪ್ಲೇಯರಿನ ವಿಷಯ ಹಾಗಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಸೂಜಿ ಕೂತಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜು ಹೊರಡಿಸುವುದು ಸುಮಾರು 5 ಮಿಲಿವೋಲ್ಟು. ಸಿಡಿ ಪ್ಲೇಯರು ಕೊಡುವುದು ಸುಮಾರು 2 ವೋಲ್ಟು, ಅಂದರೆ 400 ಪಟ್ಟು. ಆದ್ದರಿಂದ ತಟ್ಟೆಯ ವೈರನ್ನು ಸಿಡಿ ಪೋರ್ಟಿಗೆ ಹಾಕಿದರೆ ಪಿಸುಗುಟ್ಟಿದಷ್ಟೇ ಕೇಳುತ್ತದೆ, ಅದೂ ಮಂದ್ರವೇ ಇಲ್ಲದ ಕೀರಲು ಧ್ವನಿಯಲ್ಲಿ. ತಟ್ಟೆ ಕೊರೆಯುವಾಗ ತಗ್ಗು ಸ್ವರಗಳನ್ನು ಇಳಿಸಿ, ಮೇಲಿನ ಸ್ವರಗಳನ್ನು ಏರಿಸಿರುತ್ತಾರೆ. ನುಡಿಸುವಾಗ ಅದನ್ನು ತಿರುಗಿಸುವ ರಿಯಾ ಸರ್ಕ್ಯೂಟು ಇರುವುದು ‘ಫೋನೊ’ ಪೋರ್ಟಿನ ಹಿಂದೆ ಮಾತ್ರ. ಈಗಿನ ಅಗ್ಗದ ಪ್ಲೇಯರುಗಳಲ್ಲಿ ಈ ಸರ್ಕ್ಯೂಟು ಒಳಗೇ ಇದ್ದು, ಹಿಂದೆ ‘ಫೋನೊ/ಲೈನ್’ ಎಂಬ ಸಣ್ಣ ಸ್ವಿಚ್ಚಿರುತ್ತದೆ. ‘ಲೈನ್’ನಲ್ಲಿಟ್ಟು ಫೋನೊ ಪೋರ್ಟಿಗೆ ಹಾಕಿದರೆ ಎರಡು ಸಲ ಹಿಗ್ಗಿ ಹರಿದ ಧ್ವನಿ ಬರುತ್ತದೆ. ಸ್ವಿಚ್ಚು ‘ಫೋನೊ’ ಆದರೆ ಪೋರ್ಟೂ ಫೋನೊ, ‘ಲೈನ್’ ಆದರೆ ಬೇರೆ ಯಾವುದಾದರೂ ಅನಲಾಗ್ ಪೋರ್ಟು. ಜೊತೆಗೆ ಬರುವ ತೆಳ್ಳನೆಯ ಅರ್ತ್ ವೈರನ್ನು ಪ್ರೊಸೆಸರಿನ ‘ಗ್ರೌಂಡ್’ ತಿರುಪಿಗೆ ಬಿಗಿಯಲೇಬೇಕು. ರಿಯಾ ಸರ್ಕ್ಯೂಟು 50 ಹರ್ಟ್ಸಿನ ಆಸುಪಾಸನ್ನು ಸುಮಾರು 17 ಡೆಸಿಬೆಲ್ ಏರಿಸುತ್ತದೆ. ನಮ್ಮ ಕರೆಂಟು ಓಡುವುದೂ 50 ಹರ್ಟ್ಸಿನಲ್ಲೇ. ಅರ್ತ್ ಬಿಟ್ಟರೆ ಗುಂಯ್ ಎನ್ನದೆ ಇನ್ನೇನು?

ಗುಂಯ್‌ಗುಡುವುದರಲ್ಲೂ ಬೇರೆ ಬೇರೆ ಉಂಟು. ಎಲ್ಲ ಇನ್‌ಪುಟ್‌ನಲ್ಲೂ ಒಂದೇ ಸಮನೆ ದಪ್ಪ ಗುಂಯ್ ಇದ್ದರೆ ಕೇಬಲ್ ಟಿವಿಯ ಅಥವಾ ಡಿಶ್ಶಿನ ಕೋಆಕ್ಸ್ ವೈರನ್ನು ಬಾಕ್ಸಿನಿಂದ ಬಿಚ್ಚಿ ನೋಡಿ. ನಿಂತುಹೋದರೆ ಅದು ಅರ್ತ್ ಲೂಪು. ಆ ವೈರಿನ ಹೊರಜಾಲರಿ ಇನ್ನೆಲ್ಲೋ ನೆಲ ಮುಟ್ಟಿದೆ, ನಿಮ್ಮ ಪ್ರೊಸೆಸರು ಮನೆಯ ಅರ್ತಿನಲ್ಲಿ ನೆಲ ಮುಟ್ಟಿದೆ, ಎರಡರ ನಡುವಿನ ವ್ಯತ್ಯಾಸ ಸ್ಪೀಕರಿನಲ್ಲಿ ಹಾಡುತ್ತದೆ. ಕೇಬಲ್ ವೈರಿಗೆ, ಸಿಗ್ನಲ್ಲನ್ನು ದಾಟಿಸಿ ನೆಲದ ಸಂಪರ್ಕ ಕಡಿಯುವ ಗ್ಯಾಲ್ವಾನಿಕ್ ಐಸೊಲೇಟರು ಹಾಕಿದರೆ ಹೋಗುತ್ತದೆ. ಡಿಶ್ಶಿನ ವೈರಿಗೆ ಅದನ್ನು ಹಾಕುವಂತಿಲ್ಲ, ಏಕೆಂದರೆ ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟು ಹೋಗುವುದೂ ಅದೇ ವೈರಿನಲ್ಲಿ. ಅಲ್ಲಿ ಬಾಕ್ಸು, ಟಿವಿ, ಪ್ರೊಸೆಸರು ಮೂರನ್ನೂ ಒಂದೇ ಸಾಕೆಟ್ ಪಟ್ಟಿಗೆ ತನ್ನಿ. ಗುಂಯ್ ಬದಲು ಜರ್ರ್ ಎಂಬ ಸಣ್ಣ ಗರಗಸದ ಶಬ್ದವಾದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನೂ, ದೀಪದ ಡಿಮ್ಮರನ್ನೂ ಆರಿಸಿ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ಬರುತ್ತದೆ ಎಂದಾದರೆ ಇನ್ವರ್ಟರೇ ಕಾರಣ, ಸೈನ್ ವೇವ್‌ನದ್ದು ಬೇಕು. ಗುಂಯ್ ನಿಲ್ಲಿಸಲೆಂದು ಪ್ರೊಸೆಸರಿನ ಮೂರನೇ ಪಿನ್ನನ್ನು ಕಿತ್ತುಹಾಕುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಒಳಗೆ ಏನಾದರೂ ಶಾರ್ಟ್ ಆದ ದಿನ ಜೀವ ಉಳಿಸುವುದು ಆ ಪಿನ್ನು.

ರೇಡಿಯೊ ಇನ್‌ಪುಟ್ಟನ್ನು ಮೈಸೂರಿನವರು ಖಾಲಿ ಬಿಡಬಾರದು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದೇ ಇಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರುಮಾಡಿದ ನಿಲಯದಿಂದ. ಈಗ ಮೈಸೂರು ಆಕಾಶವಾಣಿ ಸಿಗುವುದು 100.6 ಮೆಗಾಹರ್ಟ್ಸಿನಲ್ಲಿ. ಊರೊಳಗೆ ಪೊಟ್ಟಣದ ತೆಳುವೈರು ಸಾಕು. ಅದನ್ನು ಸುರುಳಿ ಬಿಚ್ಚಿ ಗೋಡೆಗೆ ಹರಡಿ, ಸೆಟ್ ಟಾಪ್ ಬಾಕ್ಸಿನ ಅಡಾಪ್ಟರಿನಿಂದ ದೂರವಿಡಿ. ಮಂಡ್ಯದ ಕಡೆ ಗೊರಗೊರ ಬಂದರೆ ಡೈಪೋಲ್ ಆಂಟೆನಾ ಮಾಡಿಕೊಳ್ಳಬಹುದು. 71 ಸೆಂಟಿಮೀಟರಿನ ಎರಡು ತಾಮ್ರದ ತೋಳು, ನಡುವೆ 75 ಓಮಿನ ಕೋಆಕ್ಸಿನ ಒಳತಂತಿ ಒಂದಕ್ಕೆ, ಜಾಲರಿ ಇನ್ನೊಂದಕ್ಕೆ. ಅಡ್ಡಲಾಗಿಯೂ ನೆಟ್ಟಗೂ ಹಿಡಿದು ನೋಡಿ, ಚೆನ್ನಾಗಿ ಬಂದ ಕಡೆ ಬಿಗಿಯಿರಿ. ನೆಂಟರು ಅಮೆರಿಕದಿಂದ ತಂದುಕೊಟ್ಟ ಯಂತ್ರವಾದರೆ ಇಲ್ಲೊಂದು ತೊಡಕು. ಅಲ್ಲಿನ ಟ್ಯೂನರು 0.2ರ ಹೆಜ್ಜೆಯಲ್ಲಿ 100.5, 100.7 ಎಂದು ಜಿಗಿಯುತ್ತದೆ, 100.6ರ ಮೇಲೆ ನಿಲ್ಲುವುದೇ ಇಲ್ಲ. ಹೆಜ್ಜೆ ಬದಲಿಸುವ ಗುಪ್ತ ಮೆನು ಕೆಲವದರಲ್ಲಿದೆ, ಎಲ್ಲದರಲ್ಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಬೆನ್ನಿನ ಮೇಲೆ ‘120 ವೋಲ್ಟ್’ ಎಂದಿದ್ದರೆ ನಮ್ಮ 230 ವೋಲ್ಟಿಗೆ ನೇರ ಹಾಕಿದ ತಕ್ಷಣ ಸುಟ್ಟುಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರು ಕಡ್ಡಾಯ, ಅದೂ ಯಂತ್ರದ ಬಳಕೆಯ ಎರಡರಷ್ಟು ಸಾಮರ್ಥ್ಯದ್ದು.

ಎಲ್ಲ ಸೋರ್ಸುಗಳೂ ನುಡಿಯತೊಡಗಿದ ಮೇಲೆ ಲೆವೆಲ್ ಹೊಂದಿಸಿ. ಇದನ್ನು ಯಾರೂ ಮಾಡುವುದಿಲ್ಲ, ದಿನದ ನೆಮ್ಮದಿಗೆ ಇದರಷ್ಟು ದೊಡ್ಡ ಉಪಕಾರ ಬೇರೆ ಇಲ್ಲ. ಕೂರುವ ಜಾಗದಲ್ಲಿ ಫೋನಿನ ಧ್ವನಿಮಾಪಕ ಆ್ಯಪ್ ಇಟ್ಟು, ಮಾಸ್ಟರ್ ವಾಲ್ಯೂಮನ್ನು ಒಂದೇ ಕಡೆ ನಿಲ್ಲಿಸಿ, ಪ್ರತಿ ಸೋರ್ಸಿನಲ್ಲೂ ಸಾಮಾನ್ಯ ಮಾತುಕತೆಯ ಎರಡು ನಿಮಿಷ ಹಾಕಿ ಸರಾಸರಿ ಬರೆದುಕೊಳ್ಳಿ. ಫೋನಿನ ಅಂಕಿ ನಿಖರವಲ್ಲದಿದ್ದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಸರಿಯಾಗೇ ಸಿಗುತ್ತದೆ. ಸಿಡಿ 7 ಡೆಸಿಬೆಲ್ ಜೋರಾಗಿದ್ದರೆ ‘ಸೋರ್ಸ್ ಲೆವೆಲ್’ನಲ್ಲಿ ಸಿಡಿಯನ್ನು 7 ಇಳಿಸಿ. ದುರ್ಬಲವಾದದ್ದನ್ನು ಏರಿಸುವುದಕ್ಕಿಂತ ಜೋರಾದದ್ದನ್ನು ಇಳಿಸುವುದು ಒಳ್ಳೆಯದು, ಏರಿಸಿದರೆ ಸಿಗ್ನಲ್ಲಿನ ತುದಿಗಳು ಕತ್ತರಿಸಿಹೋಗುವ ಅಪಾಯವಿದೆ. ಡಾಲ್ಬಿಯ ಧ್ವನಿ ಪಿಸಿಎಂಗಿಂತ ತಗ್ಗಿ ಕೇಳುವುದು ದೋಷವಲ್ಲ. ಮಾತಿನ ಮಟ್ಟವನ್ನು ಒಂದೇ ಸಮ ಇಡುವ ಸೂಚನೆ ಆ ಸಿಗ್ನಲ್ಲಿನೊಳಗೇ ಇರುತ್ತದೆ.

ತುಟಿಗೂ ಮಾತಿಗೂ ತಾಳ ತಪ್ಪಿದರೆ ಸಾಕ್ಷಿಗೆ ವಾರ್ತೆ ಓದುವವರ ಬಾಯಿ ನೋಡಿ. ಪ, ಬ, ಮ ಅಕ್ಷರಗಳಿಗೆ ತುಟಿ ಕೂಡಲೇಬೇಕು, ಆದ್ದರಿಂದ ‘ಮಂಡ್ಯ’, ‘ಬೆಂಗಳೂರು’, ‘ಪೊಲೀಸ್’ ಬರುವ ಕಡೆ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಧ್ವನಿ 45 ಮಿಲಿಸೆಕೆಂಡ್ ಮುಂದೋಡಿದರೆ ನೋಡುವವರಿಗೆ ತಿಳಿಯುತ್ತದೆ, ಹಿಂದೆ ಬಿದ್ದರೆ 125ರ ತನಕ ತಿಳಿಯುವುದಿಲ್ಲ ಎಂಬುದು ಐಟಿಯು ಎಂಬ ಅಂತಾರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯ ಅಳತೆ. 50 ಹರ್ಟ್ಸಿನ ಬಾಕ್ಸಿಗೆ ‘ಆಡಿಯೊ ಡಿಲೇ’ಯನ್ನು 40 ಮಿಲಿಸೆಕೆಂಡಿನಿಂದ ಶುರುಮಾಡಿ 20ರ ಹೆಜ್ಜೆಯಲ್ಲಿ ಏರಿಸಿ. ಆ 40 ಎಂದರೆ ಸೆಕೆಂಡಿಗೆ 25ರಂತೆ ಓಡುವ ಒಂದು ಪೂರ್ಣ ಚಿತ್ರದ ಹೊತ್ತು. ಪ್ರೊಸೆಸರು ಧ್ವನಿಯನ್ನು ತಡೆಹಿಡಿಯಬಲ್ಲದು, ಬೇಗ ಓಡಿಸಲಾರದು. ಆರ್ಕಿನಲ್ಲಿ ಧ್ವನಿಯೇ ತಡವಾಗಿ ಬರುತ್ತಿದ್ದರೆ ಟಿವಿಯ ಆಡಿಯೊ ಮೆನುವಿನ ಡಿಲೇಯನ್ನು ಸೊನ್ನೆಗೆ ತರಬೇಕು.

ಸೌಂಡ್ ಮೋಡಿನ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ‘ಸಿಡಿ’ ಮತ್ತು ‘ಫೋನೊ’ ಯಾವತ್ತೂ ಸ್ಟೀರಿಯೊದಲ್ಲೇ ಇರಬೇಕು. ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು, ಸ್ಟೀರಿಯೊವನ್ನು ಎಲ್ಲ ಸ್ಪೀಕರಿಗೂ ಹರಡುವ ಡಾಲ್ಬಿ ಸರೌಂಡಿಗೆ ಕೊಟ್ಟರೆ ವಾದ್ಯ ಸೆಂಟರ್ ಸ್ಪೀಕರಿಗೆ ಕುಗ್ಗಿ, ಅದರ ಸುತ್ತಲಿನ ಗಾಳಿ ಹಿಂದಿನ ಸ್ಪೀಕರಿಗೆ ಚದುರಿ, ಮೀಟಿನ ಮೈಕಟ್ಟೇ ಹಾಳಾಗುತ್ತದೆ. ‘ಕೇಬಲ್/ಸ್ಯಾಟ್’ ಮಾತ್ರ ಡಾಲ್ಬಿ ಸರೌಂಡಿನಲ್ಲಿರಲಿ. ಮಾತು ಸೆಂಟರಿಗೆ ಬಂದು ಸ್ಪಷ್ಟವಾಗುತ್ತದೆ, ದಸರೆಯ ಜಂಬೂ ಸವಾರಿಯ ನೇರ ಪ್ರಸಾರದಲ್ಲಿ ಜನರ ಗದ್ದಲ, ಬ್ಯಾಂಡಿನ ನಾದ ಕೋಣೆಯ ತುಂಬ ಹರಡುತ್ತದೆ. ಒಳ್ಳೆಯ ಯಂತ್ರಗಳು ಪ್ರತಿ ಇನ್‌ಪುಟ್ಟಿನ ಮೋಡನ್ನೂ ಬೇರೆಬೇರೆ ನೆನಪಿಡುತ್ತವೆ, ಒಮ್ಮೆ ಹೊಂದಿಸಿದರೆ ಸಾಕು.

ಹೆಸರು ಬದಲಿಸುವ ಮೆನುವಿನಲ್ಲಿ ಹತ್ತು ಹನ್ನೆರಡು ಇಂಗ್ಲಿಷ್ ಅಕ್ಷರಗಳಷ್ಟೇ ಹಿಡಿಯುತ್ತವೆ. ಮನೆಯಲ್ಲಿ ಆಡುವ ಹೆಸರನ್ನೇ ಇಡಿ. ‘ಮೀಡಿಯಾ ಪ್ಲೇಯರ್’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ‘ಸ್ಟಿಕ್’ ಎಂದರೆ ಎಲ್ಲರಿಗೂ ಗೊತ್ತು. ಬಳಸದ ಇನ್‌ಪುಟ್‌ಗಳನ್ನು ‘ಹೈಡ್’ ಮಾಡಿ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಿಂಚು ಶುರುವಾದಾಗ ಸ್ವಿಚ್ಚು ಆರಿಸಿದರೆ ಸಾಲದು. ಡಿಶ್ಶಿನಿಂದ ಇಳಿದು ಬಂದ ಹೊಡೆತ ಬಾಕ್ಸನ್ನು ದಾಟಿ, ಎಚ್‌ಡಿಎಂಐ ಹಿಡಿದು ಪ್ರೊಸೆಸರಿನ ಬೋರ್ಡಿಗೆ ಬರುತ್ತದೆ, ಅಲ್ಲಿಂದ ಆರ್ಕ್ ವೈರಿನಲ್ಲಿ ಟಿವಿಗೂ ಹೋಗುತ್ತದೆ. ಮೋಡ ಕಟ್ಟಿದಾಗಲೇ ಪ್ಲಗ್ಗು ಕಿತ್ತು, ಡಿಶ್ ವೈರು ಬಿಚ್ಚಿಡಿ. ಮಿಂಚು ಹೊಡೆಯುತ್ತಿರುವಾಗ ಆ ವೈರನ್ನು ಕೈಯಲ್ಲಿ ಹಿಡಿಯಬೇಡಿ. ಆಮೇಲೆ ಮತ್ತೆ ಅದೇ ಪೋರ್ಟಿಗೆ ಹಾಕಬೇಕಲ್ಲ, ಅದಕ್ಕೆ ಪ್ರತಿ ವೈರಿನ ಎರಡೂ ತುದಿಗೆ ಸಂಖ್ಯೆ ಬರೆದ ಟೇಪು ಸುತ್ತಿ. ಬೆನ್ನಿನ ಒಂದು ಫೋಟೊ ತೆಗೆದಿಡಿ. ಸೆಟ್ಟಿಂಗುಗಳನ್ನು ಪೆನ್ ಡ್ರೈವಿಗೋ ಫೋನಿಗೋ ಉಳಿಸುವ ಸೌಲಭ್ಯ ಯಂತ್ರದಲ್ಲಿದ್ದರೆ ಉಳಿಸಿ, ಇಲ್ಲದಿದ್ದರೆ ಮೊದಲು ಗೀಚಿದ ಹಾಳೆಯಲ್ಲೇ ಲೆವೆಲ್, ಡಿಲೇ, ಮೋಡ್ ಎಂಬ ಮೂರು ಕಾಲಮ್ ಸೇರಿಸಿ, ಮಡಿಸಿ, ಪ್ರೊಸೆಸರಿನ ಪಕ್ಕದಲ್ಲಿ ಅಂಟಿಸಿ. ಮೇಲೆ ಅಂಟಿಸಬೇಡಿ, ಬಿಸಿ ಹೊರಹೋಗುವ ಕಿಂಡಿಗಳಿರುವುದು ಅಲ್ಲಿ.